ಉಕ್ಕಿನ ದೋಣಿಯ ತುಕ್ಕು: ಕನ್ವರ್ಟರ್, ನೀಡಲ್ ಗನ್, ಬ್ಲಾಸ್ಟಿಂಗ್ – ಯಾವುದು ಬಾಳಿಕೆ ಬರುತ್ತದೆ?

ಸಮುದ್ರದಲ್ಲಿ ಓಡುವ ಉಕ್ಕಿನ ದೋಣಿಗೆ ಯಾವ ಪೇಂಟ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಪೇಂಟ್ ಆಮೇಲೆ ನೋಡೋಣ, ಅದರ ಅಡಿಯಲ್ಲಿ ಏನನ್ನು ಬಿಟ್ಟಿದ್ದೀರಿ ಅನ್ನೋದು ಮುಖ್ಯ. ಒಂದೇ ಡೆಕ್ಕಿನ ಮೇಲೆ ಅಕ್ಕಪಕ್ಕದಲ್ಲೇ ಮೂರು ವಿಧಾನ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ರಸ್ಟ್ ಕನ್ವರ್ಟರ್, ಅಂದರೆ ತುಕ್ಕಿನ ಜೊತೆ ಸೇರಿ ಅದನ್ನೇ ಬೇರೆ ಪದಾರ್ಥವಾಗಿ ಬದಲಿಸುವ ದ್ರವ, ಹಚ್ಚೋದು ಬಲು ಸುಲಭ. ಟ್ಯಾನಿಕ್ ಆಮ್ಲ ಇರುವುದನ್ನು ಬಳಿದರೆ ಕೆಂಪು ತುಕ್ಕು ನೋಡ್ತಾ ನೋಡ್ತಾ ಕಪ್ಪಾಗುತ್ತದೆ, ಕೆಲಸ ಮುಗೀತು ಅನ್ನಿಸುತ್ತದೆ. ತೆಳು ತುಕ್ಕಿಗೆ ಪರವಾಗಿಲ್ಲ. ಆದರೆ ಚಕ್ಕೆ ಎದ್ದ ತುಕ್ಕಿನಲ್ಲಿ ಮೇಲಿನ ಪದರ ಮಾತ್ರ ಕಪ್ಪಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ನನ್ನ ಡೆಕ್ಕಿನಲ್ಲಿ ವೆಲ್ಡಿಂಗ್ ಪಕ್ಕದಲ್ಲೇ ಮೊದಲು ಗುಳ್ಳೆ ಬಂತು. ಉಗುರಿನಲ್ಲಿ ಕೆರೆದರೆ ಪೇಂಟು, ಕನ್ವರ್ಟರ್ ಎರಡೂ ಹಪ್ಪಳದ ಹಾಗೆ ಎದ್ದು ಬಂದವು, ಅಡಿಯಲ್ಲಿ ಒದ್ದೆ ಕಂದು ಪುಡಿ. ಬ್ರಷ್ ಬಿಟ್ಟು ಬೇರೇನೂ ಹೋಗದ ಮೂಲೆಗಳಿಗೆ ಮಾತ್ರ ಇದನ್ನು ಇಟ್ಟುಕೊಂಡಿದ್ದೇನೆ.

ಎರಡನೆಯದು ನೀಡಲ್ ಗನ್ನಿನಲ್ಲಿ (ಉಕ್ಕಿನ ಸೂಜಿಗಳ ಗೊಂಚಲಿನಿಂದ ತುಕ್ಕನ್ನು ಬಡಿಯುವ ಯಂತ್ರ) ಕುಟ್ಟಿ ಎಪಾಕ್ಸಿ ಪ್ರೈಮರ್ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಪೇಂಟಿನ ಮೊದಲ ಕೋಟ್) ಹಾಕುವುದು. ಕಿವಿಗೂ ಮೊಣಕೈಗೂ ಶಿಕ್ಷೆ, ಆದರೆ ಕುಳಿಗಳ ಒಳಗಿನ ತುಕ್ಕನ್ನೂ ಬಹುಮಟ್ಟಿಗೆ ಕಿತ್ತು ತೆಗೆಯುತ್ತದೆ. ಬರೀ ವೈರ್ ಬ್ರಷ್ ಉಜ್ಜಿದರೆ ತುಕ್ಕೇ ಪಾಲಿಶ್ ಆಗಿ ಮಿರಮಿರ ಮಿಂಚುತ್ತದೆ, ಅದರ ಮೇಲೆ ಪೇಂಟ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಇಲ್ಲಿ ಬಹಳ ಜನ ಬಿಟ್ಟುಬಿಡುವ ಕೆಲಸ ಅಂದರೆ ಸಿಹಿನೀರಿನ ತೊಳೆತ. ಕುಟ್ಟುವ ಮುಂಚೆ ಒಮ್ಮೆ, ಆದಮೇಲೆ ಮತ್ತೊಮ್ಮೆ ಚೆನ್ನಾಗಿ ಒತ್ತಡ ಹಾಕಿ ತೊಳೆಯಬೇಕು. ಕುಳಿಯಲ್ಲಿ ಉಪ್ಪು ಉಳಿದಿದ್ದರೆ ಗೊತ್ತಾಗಿಬಿಡುತ್ತದೆ: ಸುತ್ತಲಿನ ಉಕ್ಕು ಒಣಗಿ ಬೂದು ಬಣ್ಣಕ್ಕೆ ಬಂದಿದ್ದರೂ ಆ ಚುಕ್ಕೆಗಳು ಮಾತ್ರ ಕಪ್ಪಗೆ, ಒದ್ದೆಯಾಗೇ ಇರುತ್ತವೆ, ಯಾಕಂದ್ರೆ ಉಪ್ಪು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಅದರ ಮೇಲೆ ಎಂಥ ದುಬಾರಿ ಪೇಂಟ್ ಬಳಿದರೂ ದಂಡ.

ಮೂರನೆಯದು ಬ್ಲಾಸ್ಟಿಂಗ್, ಅಂದರೆ ಗಟ್ಟಿ ಕಣಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತುಕ್ಕು ತೆಗೆಯುವುದು. ಅದನ್ನು ಮಾಡಿ ಜಿಂಕ್ ಪ್ರೈಮರ್ (ಸತುವಿನ ಪುಡಿ ತುಂಬಿದ್ದು), ಅದರ ಮೇಲೆ ಎಪಾಕ್ಸಿ ಹಾಕಿದ ಭಾಗಕ್ಕೆ ಉಳಿದೆರಡೂ ಸಾಟಿಯೇ ಅಲ್ಲ. ಆದರೆ ರಗಳೆ ಜಾಸ್ತಿ. ದೋಣಿ ದಡಕ್ಕೆ ಬರಬೇಕು, ಉಕ್ಕು Sa 2½ ಮಟ್ಟಕ್ಕೆ (ಅಲ್ಲಲ್ಲಿ ತೆಳು ಕಲೆ ಬಿಟ್ಟರೆ ಬರಿ ಉಕ್ಕೇ ಕಾಣುವಷ್ಟು) ಸ್ವಚ್ಛವಾಗಬೇಕು, ಮತ್ತೆ ತುಕ್ಕಿನ ಛಾಯೆ ಮೂಡುವ ಮೊದಲೇ ಪ್ರೈಮರ್ ಬೀಳಬೇಕು, ಉಕ್ಕಿನ ಉಷ್ಣಾಂಶ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜಿಂಕ್ ಪ್ರೈಮರನ್ನು ಉಳಿದ ತುಕ್ಕಿನ ಮೇಲೆ ಸುಮ್ನೆ ಬಳಿಯಬೇಡಿ. ಅದರ ಕಣಗಳು ಬರಿ ಉಕ್ಕಿಗೆ ತಾಗಿದರೆ ಮಾತ್ರ ಅದು ಉಕ್ಕಿನ ಬದಲು ತಾನು ಸವೆಯುತ್ತದೆ.

ಹಾಗಾಗಿ ದೊಡ್ಡ ರಿಪೇರಿ ಹೇಗೂ ಇದೆ ಅಂದರೆ ಬ್ಲಾಸ್ಟಿಂಗ್, ನಡುವೆ ಬರುವ ಕಲೆಗಳಿಗೆಲ್ಲ ನೀಡಲ್ ಗನ್. ಯಾವುದನ್ನೇ ಮಾಡಿ, ವೆಲ್ಡಿಂಗ್ ಮೇಲೂ ಚೂಪು ಅಂಚುಗಳ ಮೇಲೂ ಬ್ರಷ್ಷಿನಲ್ಲಿ ಒಂದು ಕೋಟ್ ಹೆಚ್ಚಿಗೆ ಕೊಡಿ, ಪೇಂಟ್ ತೆಳುವಾಗೋದು ಅಲ್ಲೇ. ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಮೇಲೊಂದು ಪಾಲಿಯುರೆಥೇನ್ ಪೇಂಟಿನ ಕೋಟ್ ಬೇಕು.

ನೀರಿನ ಕೆಳಗೆ ಪೇಂಟಿನ ಜೊತೆ ಆನೋಡ್ (ಉಕ್ಕಿನ ಬದಲು ತಾನು ಸವೆಯಲಿ ಅಂತ ದೋಣಿಗೆ ಜೋಡಿಸುವ ಲೋಹದ ತುಂಡು) ಕೂಡ ಬೇಕು. ಪೂರ್ತಿ ಉಪ್ಪು ನೀರಾದರೆ ಜಿಂಕ್ ಸಾಕು. ಅಳಿವೆಗೂ ಹೋಗಿ ಬರುವ ದೋಣಿಗೆ ಅಲ್ಯೂಮಿನಿಯಂ ಮೇಲು, ಅಲ್ಲಿನ ಸಪ್ಪೆ ನೀರಲ್ಲಿ ಜಿಂಕ್ ಮೇಲೆ ಪೊರೆ ಕಟ್ಟಿ ಕೆಲಸ ನಿಂತುಬಿಡುತ್ತದೆ. ಆನೋಡಿಗೆ ಮಾತ್ರ ಪೇಂಟ್ ಹಚ್ಚಬೇಡಿ, ಅರ್ಧ ಸವೆದಾಗ ಬದಲಾಯಿಸಿ.