ಯೂನಿಟ್ ಟೆಸ್ಟ್‌ಗಳಿಗೆ ವಾಲ್‌ಗ್ರಿಂಡ್: ಆರು ವರ್ಷಗಳ ಬಳಕೆಯ ನಂತರ

ಸಿ ಭಾಷೆಯ ಒಂದು ಪಾರ್ಸರ್ ಲೈಬ್ರರಿಯ ಯೂನಿಟ್ ಟೆಸ್ಟ್‌ಗಳನ್ನು ನಾನು ಆರು ವರ್ಷಗಳಿಂದ ಮೆಮೊರಿ ಬಳಕೆಯ ತಪ್ಪುಗಳನ್ನು ಪ್ರೋಗ್ರಾಮ್ ಓಡುವಾಗಲೇ ಹಿಡಿಯುವ ವಾಲ್‌ಗ್ರಿಂಡ್‌ನ ಮೆಮ್‌ಚೆಕ್ ಉಪಕರಣದ ಅಡಿಯಲ್ಲಿಯೇ ಓಡಿಸುತ್ತಿದ್ದೇನೆ. ಮೊದಲ ದಿನವೇ ಅದು ಹಿಡಿದುಕೊಟ್ಟ ದೋಷ ಇಂದಿಗೂ ನೆನಪಿದೆ. 16 ಬೈಟ್‌ಗಳ ಬಫರ್‌ಗೆ ಪಠ್ಯ ನಕಲಿಸುವ ಸ್ಟ್ರ್‌ಎನ್‌ಕಾಪಿ ಫಂಕ್ಷನ್ ಮೂಲಕ ಸರಿಯಾಗಿ 16 ಅಕ್ಷರಗಳನ್ನು ತುಂಬಿದ್ದೆ; ಪಠ್ಯ ಮುಗಿಯಿತೆಂದು ಗುರುತಿಸುವ ಕೊನೆಯ ಶೂನ್ಯಕ್ಕೆ ಜಾಗವೇ ಉಳಿದಿರಲಿಲ್ಲ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯ 64-ಬಿಟ್ ಆವೃತ್ತಿಯಲ್ಲಿ 16 ಬೈಟ್ ಕೇಳಿದರೆ ವಾಸ್ತವದಲ್ಲಿ 24 ದಕ್ಕುವುದರಿಂದಲೂ, ಮುಂದಿನ ಬೈಟ್ ಅದೃಷ್ಟವಶಾತ್ ಶೂನ್ಯವೇ ಆಗಿದ್ದುದರಿಂದಲೂ ಟೆಸ್ಟ್ ತಿಂಗಳುಗಟ್ಟಲೆ ಪಾಸಾಗುತ್ತಲೇ ಇತ್ತು. ಮೆಮ್‌ಚೆಕ್ ಮಾತ್ರ, ಆ ಬ್ಲಾಕ್ ಮುಗಿದ ಮರುಬೈಟನ್ನೇ ಓದಲಾಗುತ್ತಿದೆ ಎಂದು ಸಾಲಿನ ಸಂಖ್ಯೆಯೊಡನೆ ತೋರಿಸಿತು.

ತಕರಾರೂ ಇದೆ. ದೋಷ ಕಂಡರೂ ಮೆಮ್‌ಚೆಕ್ ತಾನಾಗಿ ಮೂಲ ಪ್ರೋಗ್ರಾಮಿನ ಎಕ್ಸಿಟ್ ಕೋಡನ್ನೇ (ಓಟ ಯಶಸ್ವಿಯೋ ವಿಫಲವೋ ಎಂದು ಹೇಳುವ ಸಂಖ್ಯೆ) ಹಿಂತಿರುಗಿಸುತ್ತದೆ. ಎರರ್-ಎಕ್ಸಿಟ್‌ಕೋಡ್ ಆಯ್ಕೆಗೆ 1 ಎಂದು ಕೊಟ್ಟು, ಲೀಕ್-ಚೆಕ್ ಅನ್ನು ಫುಲ್‌ಗೆ ಇಡುವವರೆಗೂ ನಮ್ಮ ಬಿಲ್ಡ್ ಹಸಿರಾಗಿಯೇ (ಅಂದರೆ ಪಾಸ್ ಎಂದೇ) ಇತ್ತು, ಲಾಗ್ ಫೈಲಿನಲ್ಲಿ ಸೋರಿಕೆಗಳು (ಬಿಡುಗಡೆಯಾಗದೆ ಉಳಿದ ಮೆಮೊರಿ) ತುಂಬಿದ್ದರೂ!

ನನ್ನನ್ನು ಹೆಚ್ಚು ಕಾಡಿದ್ದು ಉಪಕರಣವಲ್ಲ, ನಾನೇ ಬರೆದ ಟೆಸ್ಟ್‌ಗಳು. ಸಿಮೋಕಾದಂತಹ ಟೆಸ್ಟ್ ಚೌಕಟ್ಟುಗಳಲ್ಲಿ ಅಸರ್ಟ್ (ಫಲಿತಾಂಶ ನಿರೀಕ್ಷಿಸಿದಂತಿದೆಯೇ ಎಂಬ ಪರೀಕ್ಷೆ) ವಿಫಲವಾದರೆ ನಿಯಂತ್ರಣವು ಲಾಂಗ್‌ಜಂಪ್ ಮೂಲಕ ಟೆಸ್ಟಿನಿಂದ ಹೊರಗೆ ಹಾರುತ್ತದೆ. ಕೆಳಗಿರುವ, ಮೆಮೊರಿ ಬಿಡುಗಡೆ ಮಾಡುವ ಫ್ರೀ ಸಾಲುಗಳು ನಡೆಯುವುದೇ ಇಲ್ಲ. ಹೀಗಾಗಿ ಒಂದು ಅಸರ್ಟ್ ಬಿದ್ದರೆ ಅದರ ಬೆನ್ನಿಗೆ ಹತ್ತಾರು ಸುಳ್ಳು ಸೋರಿಕೆಗಳು ವರದಿಯಾಗಿ ನಿಜವಾದದ್ದು ಅವುಗಳ ನಡುವೆ ಹೂತುಹೋಗುತ್ತಿತ್ತು. ಮೆಮೊರಿ ಹಂಚಿಕೆಯನ್ನು ಟೆಸ್ಟಿಗೆ ಮುಂಚೆ ನಡೆಯುವ ಸೆಟಪ್‌ಗೂ ಬಿಡುಗಡೆಯನ್ನು ಟೆಸ್ಟ್ ಬಿದ್ದರೂ ಕೊನೆಗೆ ನಡೆಯುವ ಟಿಯರ್‌ಡೌನ್‌ಗೂ ಸರಿಸಿ, ಪಾಯಿಂಟರ್‌ಗಳನ್ನು ಸ್ಟೇಟ್ ಸ್ಟ್ರಕ್ಟ್‌ನಲ್ಲಿ ಇಟ್ಟ ಮೇಲೆಯೇ ವರದಿ ಓದುವಂತಾಯಿತು. ಬೇಸರದ ಕೆಲಸ, ಆದರೆ ಮಾಡಲೇಬೇಕಾದದ್ದು.

ವೇಗದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ: 20ರಿಂದ 30 ಪಟ್ಟು ನಿಧಾನ. ಸ್ಟ್ಯಾಕ್ ಮತ್ತು ಗ್ಲೋಬಲ್ ಅರೇಗಳ ಗಡಿ ದಾಟುವಿಕೆಯನ್ನು ಮೆಮ್‌ಚೆಕ್ ಪರಿಶೀಲಿಸುವುದಿಲ್ಲ. ಅದಕ್ಕೆ ಕಂಪೈಲರ್‌ನಲ್ಲೇ ಇರುವ ಅಡ್ರೆಸ್‌ಸ್ಯಾನಿಟೈಸರ್ ಬೇಕು, ಅದು ಸುಮಾರು ಎರಡು ಪಟ್ಟು ಮಾತ್ರ ನಿಧಾನ. ಆದರೆ ಮೌಲ್ಯ ತುಂಬದ ಮೆಮೊರಿಯ ಬಳಕೆ ಸ್ಯಾನಿಟೈಸರ್‌ನ ಕಣ್ಣಿಗೆ ಬೀಳದು, ಮೆಮ್‌ಚೆಕ್ ಅದನ್ನು ಬಿಡದು. ಎರಡನ್ನೂ ಒಂದೇ ಬೈನರಿಯಲ್ಲಿ ಸೇರಿಸಲು ಬಾರದ್ದರಿಂದ, ಪ್ರತಿ ಕಮಿಟ್‌ಗೆ ಸ್ಯಾನಿಟೈಸರ್ ಬಿಲ್ಡನ್ನೂ ರಾತ್ರಿಗೆ ವಾಲ್‌ಗ್ರಿಂಡನ್ನೂ ಓಡಿಸುತ್ತಿದ್ದೇನೆ.