ವಿನ್, ಪ್ಲೇಸ್, ಜಾಕ್‌ಪಾಟ್, ಬುಕ್ಕಿ: ರೇಸ್‌ಗೆ ಹೊಸಬರು ಯಾವುದರಲ್ಲಿ ಕಟ್ಟಬೇಕು?

ಬೆಂಗಳೂರು ಅಥವಾ ಮೈಸೂರಿನ ರೇಸ್ ಕೋರ್ಸ್‌ಗೆ ಮೊದಲ ಸಲ ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಕುದುರೆಗೆ ಕಟ್ಟಲಿ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಯಾವ ಟಿಕೆಟ್ ತಗೊಂಡರೆ ಏನಾಗುತ್ತದೆ ಎಂದು ಹೇಳಬಲ್ಲೆ. ಎರಡೂ ಊರಿನಲ್ಲಿ ಎಲ್ಲ ಬಗೆಯ ಟಿಕೆಟ್‌ಗಳನ್ನೂ ಸಣ್ಣ ಮೊತ್ತದಲ್ಲಿ ಕಟ್ಟಿ ನೋಡಿದ್ದೇನೆ. ಒಂದೇ ರೇಸ್‌ನಲ್ಲಿ, ಒಂದೇ ಕುದುರೆ ಮೇಲೆ, ಟೋಟ್‌ನಲ್ಲೂ ಬುಕ್ಕಿ ಹತ್ತಿರವೂ ಕಟ್ಟಿ ಲೆಕ್ಕ ಹೋಲಿಸಿದ್ದೇನೆ.

ಮೊದಲು ತೆರಿಗೆಯ ವಿಷಯ ಹೇಳಿಬಿಡುತ್ತೇನೆ. ಮುಂದಿನ ಹೋಲಿಕೆಯೆಲ್ಲ ಅದರ ಮೇಲೆ ನಿಂತಿದೆ. ರೇಸ್ ಬೆಟ್ ಮೇಲೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಇದು ಗೆದ್ದ ಹಣದ ಮೇಲಲ್ಲ, ಕಟ್ಟಿದ ಪೂರ್ತಿ ಹಣದ ಮೇಲೆ. ಅಂದರೆ 100 ರೂಪಾಯಿ ಬೆಟ್‌ಗೆ ನಿಮ್ಮ ಕೈಯಿಂದ ಹೋಗುವುದು 140. ಹಳೆಯ ಪಂಟರ್‌ಗಳ (ಬೆಟ್ ಕಟ್ಟುವವರ) ಸಲಹೆ, ಇಂಗ್ಲಿಷ್ ಪುಸ್ತಕಗಳ ಸಲಹೆ ಎಲ್ಲವೂ ಈ 40 ರೂಪಾಯಿ ಇಲ್ಲದ ಕಾಲದ್ದು, ಅಥವಾ ಬೇರೆ ದೇಶದ್ದು. ಅದನ್ನು ಹಾಗೇ ಇಲ್ಲಿ ಅನುಸರಿಸಿದರೆ ಗೆದ್ದ ಟಿಕೆಟ್ ಕೂಡ ನಷ್ಟ ಮಾಡುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಟೋಟ್ ಮತ್ತು ಬುಕ್ಕಿ

ಟೋಟ್ ಎಂದರೆ ಕ್ಲಬ್ ನಡೆಸುವ ಕೌಂಟರ್. ಎಲ್ಲರೂ ಕಟ್ಟಿದ ಹಣ ಒಂದು ಪೂಲ್‌ಗೆ ಸೇರುತ್ತದೆ. ಕ್ಲಬ್ ತನ್ನ ಪಾಲು ಮುರಿದುಕೊಳ್ಳುತ್ತದೆ. ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುತ್ತಾರೆ. ಸುಮ್ನೆ ಒಂದು ಉದಾಹರಣೆ ತಗೊಳ್ಳಿ. ವಿನ್ ಪೂಲ್‌ನಲ್ಲಿ ಒಂದು ಲಕ್ಷ ಇದೆ, ಮುರಿದ ಮೇಲೆ 80,000 ಉಳಿಯಿತು. ಗೆದ್ದ ಕುದುರೆ ಮೇಲೆ 20,000 ಬಿದ್ದಿತ್ತು. ಆಗ ಒಂದು ರೂಪಾಯಿಗೆ ನಾಲ್ಕು. ಗೆದ್ದ ಟಿಕೆಟ್‌ಗೆ ಸಿಗುವ ಹಣವನ್ನು, ಅಂದರೆ ಡಿವಿಡೆಂಡ್ ಅನ್ನು, 10 ರೂಪಾಯಿ ಲೆಕ್ಕದಲ್ಲಿ ಹೇಳುತ್ತಾರೆ, ಹಾಗಾಗಿ ಬೋರ್ಡ್‌ನಲ್ಲಿ 40 ಎಂದು ಬರುತ್ತದೆ. ಇದರಲ್ಲಿ ನಿಮ್ಮ ಅಸಲೂ ಸೇರಿದೆ. ಹೊಸಬರು ಇಲ್ಲೇ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ.

ಬುಕ್ಕಿ ಎಂದರೆ ರೇಸ್ ಆವರಣದಲ್ಲಿ ತನ್ನದೇ ಲೆಕ್ಕದಲ್ಲಿ ಬೆಟ್ ತಗೊಳ್ಳುವವನು. ಅವನ ಹತ್ತಿರ ರೇಟ್ ನಿಗದಿ. ಐದಕ್ಕೊಂದು ಎಂದು ಬೋರ್ಡ್‌ನಲ್ಲಿದ್ದಾಗ ನೀವು 100 ಕಟ್ಟಿದರೆ, ಗೆದ್ದಾಗ 500 ಲಾಭ, ಅಸಲು ಬೇರೆ. ನೀವು ಕಟ್ಟಿದ ಮೇಲೆ ಆ ರೇಟ್ ಮೂರಕ್ಕೆ ಇಳಿದರೂ ನಿಮ್ಮ ಐದು ಐದೇ.

ಈ ಒಂದು ವ್ಯತ್ಯಾಸ ಕೇಳಲು ಚಿಕ್ಕದು, ಅನುಭವದಲ್ಲಿ ದೊಡ್ಡದು. ಟೋಟ್ ಪರದೆಯಲ್ಲಿ ರೇಸ್‌ಗೆ ಹತ್ತು ನಿಮಿಷ ಮುಂಚೆ 60 ಕಾಣಿಸಿದ ಕುದುರೆ, ಓಟ ಶುರುವಾಗುವ ಗೇಟ್ ತೆರೆಯುವ ಹೊತ್ತಿಗೆ 30ಕ್ಕೆ ಬಂದಿರಬಹುದು. ಕೊನೆಯ ಕ್ಷಣದಲ್ಲಿ ದೊಡ್ಡ ಹಣ ಬಿದ್ದರೆ ಹಾಗೆ ಆಗುತ್ತದೆ. ನಿಮಗೆ ಸಿಗುವುದು ಕೊನೆಯ ಲೆಕ್ಕ, ನೀವು ನೋಡಿದ ಲೆಕ್ಕ ಅಲ್ಲ. ಬುಕ್ಕಿ ಹತ್ತಿರ ಈ ಚಿಂತೆ ಇಲ್ಲ.

ಹಾಗಾದರೆ ಬುಕ್ಕಿಯೇ ಒಳ್ಳೆಯದಾ? ನಾನು ಹೋಲಿಸಿ ನೋಡಿದ ಮಟ್ಟಿಗೆ, ಎಲ್ಲರೂ ಮೆಚ್ಚಿದ ಫೇವರಿಟ್ ಕುದುರೆಗೆ ಬುಕ್ಕಿ ರೇಟ್ ಸಾಮಾನ್ಯವಾಗಿ ಸ್ವಲ್ಪ ಮೇಲು. ಯಾರೂ ಕಣ್ಣೆತ್ತಿ ನೋಡದ ಕುದುರೆಗೆ ಟೋಟ್ ಮೇಲು, ಕೆಲವು ಸಲ ತುಂಬಾ ಮೇಲು. ಬುಕ್ಕಿ ತನ್ನ ನಷ್ಟಕ್ಕೆ ಮಿತಿ ಇಟ್ಟುಕೊಂಡು ರೇಟ್ ಬರೆಯುತ್ತಾನೆ. ಪೂಲ್‌ಗೆ ಆ ಭಯ ಇಲ್ಲ, ಬಂದ ಹಣ ಹಂಚಿದರೆ ಮುಗಿಯಿತು.

ಆದರೂ ಹೊಸಬರಿಗೆ ನಾನು ಹೇಳುವುದು ಟೋಟ್. ಬುಕ್ಕಿ ರಿಂಗ್‌ನಲ್ಲಿ ರೇಟ್ ನಿಮಿಷಕ್ಕೊಮ್ಮೆ ಬದಲಾಗುತ್ತದೆ, ನೂಕುನುಗ್ಗಲು ಇರುತ್ತದೆ, ಪಕ್ಕದವರು ಕಟ್ಟುವ ಮೊತ್ತ ನೋಡಿ ನಮ್ಮ ಕೈಯೂ ಮೇಲೇರುತ್ತದೆ. ಟೋಟ್ ಕೌಂಟರ್‌ನಲ್ಲಿ ಕ್ಯೂ ಇದೆ, ಅಚ್ಚಾದ ಟಿಕೆಟ್ ಇದೆ, ಸಣ್ಣ ಮೊತ್ತಕ್ಕೂ ಮರ್ಯಾದೆ ಇದೆ. ನೀವು ಕಟ್ಟಿದ ಕುದುರೆ ಓಡದೇ ಹಿಂದೆ ಸರಿದರೆ ವಿನ್, ಪ್ಲೇಸ್ ಟಿಕೆಟ್ ಹಣ ವಾಪಸ್ ಬರುತ್ತದೆ. ಬುಕ್ಕಿ ಹತ್ತಿರ ಕಟ್ಟಿದರೆ ಬಿಲ್ ಕೇಳಿ ತಗೊಳ್ಳಿ. ‘ಬಿಲ್ ಬೇಡ ಅಂದ್ರೆ ತೆರಿಗೆ ಇಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆವರಣದ ಹೊರಗೆ ಫೋನಿನಲ್ಲಿ ಬೆಟ್ ಬರೆದುಕೊಳ್ಳುವವರ ಸಹವಾಸ ಬೇಡವೇ ಬೇಡ. ಕುದುರೆ ರೇಸ್ ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು ನಿಜ. ಅದನ್ನು ಹಿಡಿದುಕೊಂಡು ಗಲ್ಲಿಯಲ್ಲಿ ನಡೆಯುವ ಬೆಟ್ಟಿಂಗ್ ಕೂಡ ಕಾನೂನುಬದ್ಧ ಎಂದು ನಂಬಬೇಡಿ.

ವಿನ್ ಮತ್ತು ಪ್ಲೇಸ್

ಇದೇ ನನಗೆ ಮುಖ್ಯವಾದ ಹೋಲಿಕೆ.

ವಿನ್ ಟಿಕೆಟ್‌ಗೆ ಕುದುರೆ ಮೊದಲು ಬರಲೇಬೇಕು. ಪ್ಲೇಸ್ ಟಿಕೆಟ್‌ಗೆ ಮೊದಲ ಎರಡು ಅಥವಾ ಮೂರರಲ್ಲಿ ಬಂದರೆ ಸಾಕು. ಸಾಮಾನ್ಯವಾಗಿ ಎಂಟು ಕುದುರೆ ಓಡಿದರೆ ಮೂರು ಸ್ಥಾನ, ಅದಕ್ಕಿಂತ ಕಡಿಮೆ ಇದ್ದರೆ ಎರಡು. ಆ ದಿನದ ರೇಸ್ ಪುಸ್ತಕ (ಓಡುವ ಕುದುರೆಗಳ ವಿವರ ಇರುವ ಪುಸ್ತಕ) ನೋಡಿಕೊಳ್ಳಿ.

ಪ್ಲೇಸ್ ಸುರಕ್ಷಿತ, ಹೊಸಬರು ಅದರಲ್ಲೇ ಶುರು ಮಾಡಲಿ ಎನ್ನುವುದು ಎಲ್ಲರ ಮಾತು. ಲೆಕ್ಕ ಹಾಕಿ ನೋಡೋಣ. ಫೇವರಿಟ್ ಕುದುರೆಯ ಪ್ಲೇಸ್ ಡಿವಿಡೆಂಡ್ 11, 12, 13 ಬರುವುದು ಮಾಮೂಲು. 12 ಬಂತು ಎಂದುಕೊಳ್ಳಿ. ನಿಮ್ಮ 100ಕ್ಕೆ 120 ಸಿಕ್ಕಿತು. ಆದರೆ ತೆರಿಗೆ ಸೇರಿ ಕೈಯಿಂದ ಹೋದದ್ದು 140. ಕುದುರೆ ಹೇಳಿದ ಹಾಗೆ ಓಡಿತು, ಟಿಕೆಟ್ ಗೆದ್ದಿತು, ನೀವು 20 ರೂಪಾಯಿ ಕಳೆದುಕೊಂಡಿರಿ. ಡಿವಿಡೆಂಡ್ 14 ದಾಟಿದ ಮೇಲೆಯೇ ಲಾಭ ಶುರು. ಬುಕ್ಕಿ ಹತ್ತಿರವೂ ಇದೇ ಕಥೆ. ನೂರಕ್ಕೆ ನಲವತ್ತು ಲಾಭ ಕೊಡುವ ಫೇವರಿಟ್ ಗೆದ್ದರೆ ನಿಮ್ಮ 140 ನಿಮಗೆ ವಾಪಸ್, ಅಷ್ಟೇ.

ಹಾಗಾಗಿ ಫೇವರಿಟ್ ಮೇಲೆ ಪ್ಲೇಸ್ ಕಟ್ಟುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ನಿಮಗೂ ಬೇಡ ಎನ್ನುತ್ತೇನೆ. ಫೇವರಿಟ್ ಇಷ್ಟವಾದರೆ ವಿನ್ ತಗೊಳ್ಳಿ, ಅದೂ ಪರದೆಯಲ್ಲಿ 25ರ ಆಸುಪಾಸು ಇದ್ದರೆ. 25 ಎಂದರೆ 140 ಕೊಟ್ಟು 250 ಪಡೆದ ಹಾಗೆ. ಪ್ಲೇಸ್‌ಗೆ ಸರಿಯಾದ ಕುದುರೆ ಬೇರೆ ಇದೆ: ಎಂಟರಿಂದ ಹನ್ನೆರಡು ಕುದುರೆ ಓಡುವ ರೇಸ್‌ನಲ್ಲಿ ಬುಕ್ಕಿಗಳು ಆರಕ್ಕೊಂದು, ಎಂಟಕ್ಕೊಂದು ಕೊಡುತ್ತಿರುವ, ಹಿಂದಿನ ಓಟಗಳಲ್ಲಿ ಮೂರನೆಯದೋ ನಾಲ್ಕನೆಯದೋ ಬರುತ್ತಾ ಬಂದಿರುವ ಕುದುರೆ. ಅಂಥದ್ದಕ್ಕೆ 20, 25 ಪ್ಲೇಸ್ ಸಿಗುವುದು ಉಂಟು. ಪ್ಲೇಸ್‌ಗೆ ಅರ್ಥ ಬರುವುದು ಅಲ್ಲಿ.

ಎರಡರಲ್ಲಿ ಆಟ ಕಲಿಸುವುದು ಯಾವುದು ಎಂದು ಕೇಳಿದರೆ ವಿನ್. ಈ ಹತ್ತರಲ್ಲಿ ಗೆಲ್ಲುವುದು ಇದೇ ಎಂದು ಹೇಳಬೇಕಾದರೆ ರೇಸ್ ಪುಸ್ತಕವನ್ನು ಸರಿಯಾಗಿ ಓದಲೇಬೇಕು. ಈ ಕುದುರೆ 1200 ಮೀಟರ್ ಓಡಿದ್ದು ಎಷ್ಟು ಸಲ, ಇವತ್ತು 1600 ಓಡುತ್ತಿದೆಯಾ? ಹ್ಯಾಂಡಿಕ್ಯಾಪ್‌ನಲ್ಲಿ (ಕುದುರೆಯ ಬಲ ನೋಡಿ ಭಾರ ಹೊರಿಸುವ ರೇಸ್) ಕಳೆದ ಸಲಕ್ಕಿಂತ ಎಷ್ಟು ಕಿಲೋ ಜಾಸ್ತಿ ಹೊರುತ್ತಿದೆ? ಗೇಟ್ ನಂಬರ್ ಒಳಗಿನದ್ದಾ, ಹೊರಗಿನದ್ದಾ? ಜಾಕಿ ಬದಲಾಗಿದ್ದಾನಾ? ಆಮೇಲೆ ಪ್ಯಾಡಕ್‌ಗೆ, ಅಂದರೆ ರೇಸ್‌ಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗಕ್ಕೆ, ಹೋಗಿ ಕುದುರೆಯನ್ನೇ ನೋಡಿ. ಸಮಾಧಾನವಾಗಿ ಹೆಜ್ಜೆ ಹಾಕುತ್ತಿದೆಯಾ, ಓಡುವ ಮುಂಚೆಯೇ ಬೆವರಿ ಒದ್ದಾಡುತ್ತಿದೆಯಾ? ನನಗೆ ರೇಸ್ ಇಷ್ಟ ಆಗಿರುವುದು ಈ ಇಪ್ಪತ್ತು ನಿಮಿಷಗಳಿಗಾಗಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ನಿಂತು ಕುದುರೆಗಳನ್ನು ನೋಡುವ ಸುಖವೇ ಬೇರೆ. ಅಲ್ಲಿನ ಕ್ಲಬ್ 1891ರಷ್ಟು ಹಳೆಯದು. ಬೆಂಗಳೂರಿಗಿಂತ ಅಲ್ಲಿ ನನಗೆ ಜಾಸ್ತಿ ನಿಧಾನ ಸಿಗುತ್ತದೆ, ಹೊಸಬರನ್ನು ಅಲ್ಲಿಗೇ ಕರೆದುಕೊಂಡು ಹೋಗಲು ಇಷ್ಟಪಡುತ್ತೇನೆ.

ಎರಡನೇ ಕುದುರೆ ಪೂಲ್ ಎಂದು ಒಂದಿದೆ. ಕುದುರೆ ಸರಿಯಾಗಿ ಎರಡನೆಯದೇ ಬರಬೇಕು, ಗೆದ್ದರೂ ಹಣ ಇಲ್ಲ. ಹೊಸಬರಿಗೆ ಇದು ಬೇಡ.

ಕ್ವಿನೆಲ್ಲಾ, ಟ್ರಿನೆಲ್ಲಾ, ಜಾಕ್‌ಪಾಟ್

ಕ್ವಿನೆಲ್ಲಾದಲ್ಲಿ ಮೊದಲ ಎರಡು ಕುದುರೆ ಹೇಳಬೇಕು, ಯಾವುದು ಮುಂದೆ ಬಂದರೂ ಸರಿ. ಎಂಟು ಕುದುರೆ ಇದ್ದರೆ 28 ಜೋಡಿ, ಹತ್ತಿದ್ದರೆ 45. ಕಷ್ಟ, ಆದರೆ ಕಣ್ಣಿಗೆ ಕಾಣುವ ಕಷ್ಟ. ಡಿವಿಡೆಂಡ್ ದೊಡ್ಡದಾದ್ದರಿಂದ ಶೇ 40ರ ಹೊಡೆತವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ವಿನ್ ಆದ ಮೇಲೆ ನನ್ನ ಎರಡನೇ ಆಯ್ಕೆ ಇದೇ.

ಟ್ರಿನೆಲ್ಲಾದಲ್ಲಿ ಮೊದಲ ಮೂರನ್ನೂ ಕ್ರಮವಾಗಿ ಹೇಳಬೇಕು. ಹತ್ತು ಕುದುರೆಗೆ 720 ಬಗೆ. ಇಲ್ಲಿಗೆ ಬಂದಾಗ ಓದಿದ್ದಕ್ಕಿಂತ ಅದೃಷ್ಟವೇ ಜಾಸ್ತಿ ಕೆಲಸ ಮಾಡುತ್ತದೆ.

ಜಾಕ್‌ಪಾಟ್‌ಗೆ ಐದು ರೇಸ್ ಗೆಲ್ಲುವ ಐದು ಕುದುರೆಗಳನ್ನು ಮುಂಚೆಯೇ ಹೇಳಬೇಕು. ರೇಸ್‌ಗೆ ಹತ್ತು ಕುದುರೆಯಂತೆ ಲೆಕ್ಕ ಹಾಕಿದರೆ ಒಂದು ಲಕ್ಷ ಬಗೆ. ಒಂದೊಂದು ರೇಸ್‌ನಲ್ಲಿ ಎರಡೆರಡು ಕುದುರೆ ಆರಿಸಿದರೆ 32 ಟಿಕೆಟ್ ಆಯಿತು. ಎರಡು ರೇಸ್‌ನಲ್ಲಿ ಮೂರು ಮಾಡಿದರೆ 72. ಪ್ರತಿ ಟಿಕೆಟ್‌ಗೂ ತೆರಿಗೆ. ನಾಲ್ಕು ಸರಿ ಬಂದವರಿಗೂ ಒಂದು ಪಾಲು ಸಿಗುತ್ತದೆ, ಆದರೆ ಫೇವರಿಟ್‌ಗಳೇ ಗೆದ್ದ ದಿನ ಅದು ತೀರಾ ಸಣ್ಣದು. ಇನ್ನು ದೊಡ್ಡ ಮೊತ್ತ ಬಂದರೂ, ಗೆಲುವು 10,000 ದಾಟಿದರೆ ಶೇ 30 ಆದಾಯ ತೆರಿಗೆ ಮುರಿದೇ ಕೊಡುತ್ತಾರೆ. ಆ ವರ್ಷ ಬೇರೆ ಟಿಕೆಟ್‌ಗಳಲ್ಲಿ ಕಳೆದುಕೊಂಡದ್ದನ್ನು ಅದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ನಾಲ್ಕೈದು ಗೆಳೆಯರು ಸೇರಿ ಒಂದು ಸಣ್ಣ ಜಾಕ್‌ಪಾಟ್ ಹಾಕಿದರೆ ಮಧ್ಯಾಹ್ನವೆಲ್ಲ ಮಜಾ ಇರುತ್ತದೆ, ಅದನ್ನು ಒಪ್ಪುತ್ತೇನೆ. ಒಬ್ಬರೇ ಹಾಕುವುದಕ್ಕೆ ಇದು ದುಬಾರಿ.

ನನ್ನ ಆಯ್ಕೆ

ಹೊಸಬರಿಗೆ: ಟೋಟ್‌ನಲ್ಲಿ ವಿನ್, ಅಪರೂಪಕ್ಕೆ ಕ್ವಿನೆಲ್ಲಾ, ರೇಟ್ ಒಳ್ಳೆಯದಿದ್ದ ಕುದುರೆಗೆ ಮಾತ್ರ ಪ್ಲೇಸ್. ಎಲ್ಲ ರೇಸ್‌ಗೂ ಕಟ್ಟಬೇಕು ಅಂತೇನೂ ಇಲ್ಲ. ಮೊದಲ ರೇಸ್ ಸುಮ್ನೆ ನೋಡಿ.

ಈ ತೆರಿಗೆ, ಕ್ಲಬ್‌ನ ಪಾಲು ಎರಡೂ ಸೇರಿದಾಗ ವರ್ಷಗಟ್ಟಲೆ ಕಟ್ಟಿ ಲಾಭದಲ್ಲಿ ಉಳಿಯುವುದು ಹೆಚ್ಚುಕಡಿಮೆ ಆಗದ ಮಾತು. ಅದನ್ನು ಮುಚ್ಚಿಟ್ಟು ಹೊಸಬರನ್ನು ಕರೆಯಲು ನನಗೆ ಮನಸ್ಸಿಲ್ಲ. ಸಿನಿಮಾ, ಊಟಕ್ಕೆ ಖರ್ಚು ಮಾಡುವಷ್ಟು ಹಣ ಜೇಬಿನಲ್ಲಿಟ್ಟು ಹೋಗಿ, ಕಾರ್ಡ್ ಮನೆಯಲ್ಲಿರಲಿ. ಹೋದ ಹಣ ವಾಪಸ್ ತರಲು ಮುಂದಿನ ರೇಸ್‌ಗೆ ಎರಡರಷ್ಟು ಕಟ್ಟುವ ಆಸೆ ಬಂದರೆ ಅವತ್ತಿಗೆ ನಿಲ್ಲಿಸಿ. ನಿಲ್ಲಿಸಲು ಆಗುತ್ತಿಲ್ಲ, ಸಾಲ ಮಾಡಿ ಕಟ್ಟುತ್ತಿದ್ದೇನೆ ಎನ್ನುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಕೇಳಲು ಹಿಂಜರಿಯಬೇಡಿ.

ಕೊನೆಗೆ ಟಿಕೆಟ್ ಬಗ್ಗೆ ಒಂದು ಮಾತು. ಕುದುರೆಗಳು ಗೆರೆ ದಾಟಿದ ಕೂಡಲೇ ಅದನ್ನು ಹರಿದು ಎಸೆಯಬೇಡಿ. ಹಿಂದೆ ಬಂದ ಕುದುರೆಯ ಜಾಕಿ ‘ನನಗೆ ಅಡ್ಡ ಬಂದ’ ಎಂದು ಆಬ್ಜೆಕ್ಷನ್ ಹಾಕಿದರೆ ಸ್ಟೀವರ್ಡ್‌ಗಳು (ರೇಸ್‌ನ ತೀರ್ಪುಗಾರ ಅಧಿಕಾರಿಗಳು) ವಿಚಾರಣೆ ಮಾಡುತ್ತಾರೆ, ಸ್ಥಾನಗಳು ಅದಲುಬದಲಾಗುವುದೂ ಉಂಟು. ಫಲಿತಾಂಶ ಅಧಿಕೃತ ಎಂದು ಘೋಷಣೆ ಆಗುವ ತನಕ ಟಿಕೆಟ್ ಜೇಬಿನಲ್ಲೇ ಇರಲಿ.