ಗಂಗಾವತಿಗೆ ಬಂದ ಹಮ್ಮಸ್, ಪೀಟಾ

ಗಂಗಾವತಿಯ ಆನೆಗೊಂದಿ ರಸ್ತೆಯಲ್ಲಿ ಕಳೆದ ತಿಂಗಳು ಆರಂಭವಾದ ಇಸ್ರೇಲಿ ಊಟದ ಹೋಟೆಲಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಗೆಳೆಯರೊಂದಿಗೆ, ಎರಡನೆಯ ಸಲ ಅವ್ವನನ್ನು ಕರೆದುಕೊಂಡು. ಅಕ್ಕಿ ಗಿರಣಿಗಳ ಈ ಊರಿನಲ್ಲಿ ಅನ್ನವನ್ನೇ ಬಡಿಸದ ಹೋಟೆಲು ಎಷ್ಟು ದಿನ ನಡೆದೀತು ಎಂದು ಹಲವರು ಕೇಳುತ್ತಿದ್ದಾರೆ. ಆದರೆ ಈ ಅಡುಗೆ ನಮ್ಮ ತಾಲ್ಲೂಕಿಗೆ ಹೊಸದಲ್ಲ. ಹಂಪಿ ನೋಡಲು ಬಂದು ತುಂಗಭದ್ರೆಯ ಈಚೆ ದಡದ ವಿರೂಪಾಪುರಗಡ್ಡಿಯಲ್ಲಿ ತಂಗುತ್ತಿದ್ದ ವಿದೇಶಿಯರಿಗಾಗಿ ವರ್ಷಗಟ್ಟಲೆ ಇದೇ ಅಡುಗೆ ನಡೆಯುತ್ತಿತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಅಲ್ಲಿನ ರೆಸಾರ್ಟುಗಳನ್ನು ತೆರವುಗೊಳಿಸಿದಾಗ ಕೆಲಸಗಾರರೆಲ್ಲ ಚದುರಿಹೋದರು. ಈ ಹೋಟೆಲಿನ ಅಡುಗೆಯವರು ಅಲ್ಲಿಯೇ ಕೈ ಪಳಗಿಸಿಕೊಂಡವರು.

ಅವರ ಕೈಗುಣ ಹಮ್ಮಸ್‌ನಲ್ಲಿ ಕಾಣುತ್ತದೆ. ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್, ಇಸ್ರೇಲ್ ಎಲ್ಲ ಕಡೆಯೂ ನಿತ್ಯ ಉಣ್ಣುವ ಈ ಪದಾರ್ಥಕ್ಕೆ ಬೇಕಾದದ್ದು ಕಾಬೂಲಿ ಕಡಲೆ, ಬಿಳಿ ಎಳ್ಳು ರುಬ್ಬಿದ ತಹಿನಿ, ನಿಂಬೆರಸ, ಬೆಳ್ಳುಳ್ಳಿ, ಉಪ್ಪು, ಅಷ್ಟೇ. ಸಾಮಗ್ರಿ ಇಷ್ಟು ಕಡಿಮೆ ಇರುವುದರಿಂದಲೇ ತಪ್ಪು ಮುಚ್ಚಿಡಲು ಎಡೆಯಿಲ್ಲ: ಕಡಲೆ ಸರಿಯಾಗಿ ಬೇಯದಿದ್ದರೆ ನಾಲಿಗೆಗೆ ತರಿ ತಗಲುತ್ತದೆ, ಎಳ್ಳು ಸ್ವಲ್ಪ ಹೆಚ್ಚು ಹುರಿದರೂ ಕಹಿಯಾಗುತ್ತದೆ. ಇಲ್ಲಿ ಬಂದದ್ದು ಬೆಣ್ಣೆಯಷ್ಟು ನುಣುಪಾಗಿತ್ತು. ಅಗಲವಾದ ತಟ್ಟೆಯಲ್ಲಿ ಚಮಚದ ಬೆನ್ನಿನಿಂದ ತಗ್ಗು ಮಾಡಿ, ಅದರಲ್ಲಿ ಆಲಿವ್ ಎಣ್ಣೆ ನಿಲ್ಲಿಸಿ, ಮೇಲೆ ನಾಲ್ಕು ಇಡೀ ಕಡಲೆ ಇಟ್ಟಿದ್ದರು. ಖಾರಪುಡಿ ಉದುರಿಸಿ ಅದನ್ನು ನಮ್ಮ ರುಚಿಗೆ ಎಳೆದು ತಂದಿರಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು.

ಜೊತೆಗೆ ಬರುವ ಪೀಟಾ ಮೈದಾಹಿಟ್ಟಿಗೆ ಯೀಸ್ಟ್ ಹಾಕಿ ಹುದುಗಿಸಿ ಮಾಡಿದ್ದು. ಭಟ್ಟಿಯ ಬಿಸಿಗೆ ಒಳಗಿನ ನೀರು ಹಬೆಯಾಗಿ ಎರಡು ಪದರಗಳು ಬೇರ್ಪಡುತ್ತವೆ. ತಟ್ಟೆಗೆ ಬಂದಾಗಲೂ ಅದು ಉಬ್ಬಿಕೊಂಡೇ ಇತ್ತು. ಅವ್ವ ಬೆರಳಿನಿಂದ ಒತ್ತಿ ಹಬೆ ಹೊರಬಿಟ್ಟು, "ನಮ್ಮ ಜ್ವಾಳದ ರೊಟ್ಟಿ ಹಂಚಿನ ಮ್ಯಾಲೆ ಉಬ್ಬಿದಂಗ ಉಬ್ಬೇತಿ ನೋಡಪಾ" ಎಂದಳು. ಹಮ್ಮಸ್ ಅವಳಿಗೆ ಎಳ್ಳಿನ ಹಿಂಡಿಯ ನೆನಪು ತಂದಿತು. ಎರಡು ಪೀಟಾ ಮುಗಿಸಿ ಮೂರನೆಯದನ್ನು ತಾನೇ ಕೇಳಿದಳು.

ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಶಕ್ಷೂಕಾ ಚೆನ್ನಾಗಿದೆ. ಉತ್ತರ ಆಫ್ರಿಕಾದ ಯಹೂದಿಗಳು ಇಸ್ರೇಲಿಗೆ ಒಯ್ದ ತಿನಿಸು ಇದು. ಮೊಟ್ಟೆಯ ಹಳದಿ ಎಷ್ಟು ಬೇಯಬೇಕೆಂದು ಮೊದಲೇ ಕೇಳಿ ಮಾಡುತ್ತಾರೆ.

ಬೇಸರವಾದದ್ದು ಫಲಾಫಲ್ ತಿಂದಾಗ. ನೆನೆಸಿದ ಹಸಿ ಕಡಲೆಯನ್ನು ತರಿತರಿಯಾಗಿ ರುಬ್ಬಿ, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ ಸೇರಿಸಿ ಕರಿದರೆ ಮಾತ್ರ ಹೊರಗೆ ಗರಿಗರಿಯಾಗಿ ಒಳಗೆ ಹಸಿರಾಗಿ ಪುಡಿಪುಡಿಯಾಗಿರುತ್ತದೆ. ಇವರು ಕಡಲೆಹಿಟ್ಟು ಕಲಸಿ ಕರಿದಿದ್ದರು. ಒಳಗೆಲ್ಲ ಅಂಟಂಟು, ಹಿಂದಿನ ದಿನದ ಬಜ್ಜಿ ತಿಂದಂತಾಯಿತು. ವಿಚಾರಿಸಿದಾಗ ಅಡುಗೆಯವರು, "ಮಿರ್ಚಿ ಹಂಗ ಮೆತ್ತಗಿರಲಿ ಅಂತಾರ್ರೀ ಸರ್ ಮಂದಿ" ಎಂದರು. ಮೆತ್ತಗಿನ ಮಿರ್ಚಿ ಬೇಕಾದವರಿಗೆ ಗಂಗಾವತಿಯ ಪ್ರತಿ ಸರ್ಕಲ್ಲಿನಲ್ಲೂ ಒಳ್ಳೆಯ ಮಿರ್ಚಿ, ಒಗ್ಗರಣೆ ಸಿಗುತ್ತದೆ. ಕಡಲೆಬೇಳೆ ನೆನೆಸಿ, ತರಿಯಾಗಿ ರುಬ್ಬಿ ವಡೆ ಕರಿಯುವ ಮನೆಗಳ ಊರು ಇದು. ಫಲಾಫಲ್‌ನ ಹದವೂ ಬಹುಪಾಲು ಅದೇ. ಇದ್ದಂತೆ ಮಾಡಿಕೊಟ್ಟರೆ ನಮ್ಮ ಜನ ಖಂಡಿತ ಒಪ್ಪುತ್ತಾರೆ.

ಎರಡು ಪೀಟಾ ಸಹಿತ ಹಮ್ಮಸ್‌ಗೆ 160 ರೂಪಾಯಿ, ಶಕ್ಷೂಕಾಗೆ 190. ಪೀಟಾ ಆಗಲೇ ಸುಟ್ಟು ಕೊಡುವುದರಿಂದ ಅರ್ಧ ಗಂಟೆ ಕಾಯಬೇಕು, ಮತ್ತು ಆ ಕಾಯುವಿಕೆ ಸಾರ್ಥಕ. ಫಲಾಫಲ್ ಬೇಕಿದ್ದರೆ ಹಿಂದಿನ ದಿನವೇ ಹೇಳಿ ಎಂದು ಅಡುಗೆಯವರು ಈಗ ಒಪ್ಪಿದ್ದಾರೆ, ಕಡಲೆ ನೆನೆಹಾಕಿಯೇ ಮಾಡಿಕೊಡುತ್ತಾರಂತೆ. ಬರುವ ಭಾನುವಾರಕ್ಕೆ ನಾಲ್ಕು ಪ್ಲೇಟು ಹೇಳಿ ಬಂದಿದ್ದೇನೆ.